ಭಯ ಇಲ್ಲ ಅಂತ ಹೇಳು

ನಾದಿನಿ ಮನೆಗೆ ಬಂದಾಗ ಅವಳ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು.

ಮಧ್ಯಾಹ್ನದ ಬಿಸಿಲಿಗೆ ತಗಡಿನ ಸೂರು ಚಟಚಟ ಎನ್ನುತ್ತಿತ್ತು. ಅತ್ತಿಗೆ ಎರಡನೇ ಪಾಳಿಗೆ ಹೊರಡಲು ಕೂದಲು ಬಿಗಿಯುತ್ತಿದ್ದಳು. ಅತ್ತೆ ಹೊಸ್ತಿಲಲ್ಲಿ ಕೂತು ಕೆಮ್ಮುತ್ತಿದ್ದಳು. ನಾದಿನಿ ಅವ್ವನನ್ನು ದಾಟಿ ಒಳಗೆ ಬಂದಳು. ಮೂಲೆಗೆ ಹೋಗಿ ಗೋಡೆಗೆ ಬೆನ್ನು ಹಚ್ಚಿ ಕೂತಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು, ಅದು ಬೇರೆ ಯಾರದೋ ಎಂಬ ಹಾಗೆ. ಬೆರಳುಗಳು ನೀಲಿಗಟ್ಟಿದ್ದವು. ಎರಡು ಬೆರಳು ತಿರುಗಬಾರದ ಕಡೆಗೆ ತಿರುಗಿದ್ದವು. ಕುತ್ತಿಗೆಯ ಸುತ್ತ ಕೆಂಪು ಬರೆ.

"ಏನಾಯ್ತೇ?"

ನಾದಿನಿ ಕೈಯನ್ನು ಮಡಿಲೊಳಗೆ ಎಳೆದುಕೊಂಡಳು.

"ರೋಲರ್‌ಗೆ ಸಿಕ್ಕಿಸ್ಕೊಂಡ್ಯಾ?"

ಇಲ್ಲ ಎಂದು ತಲೆಯಾಡಿಸಿದಳು. ಇಬ್ಬರೂ ಒಂದೇ ಲಾಂಡ್ರಿಯಲ್ಲಿ, ಒಂದೇ ಯಂತ್ರದ ಮೇಲೆ ದುಡಿಯುವವರು. ಪಾಳಿ ಮಾತ್ರ ಬೇರೆ. ಆಸ್ಪತ್ರೆಯ, ಹೋಟೆಲಿನ ಒದ್ದೆ ಚಾದರಗಳನ್ನು ಕಾದ ರೋಲರುಗಳ ನಡುವೆ ತೂರಿಸುವ ಕೆಲಸ. ರೋಲರಿಗೆ ಸಿಕ್ಕ ಕೈ ಹೇಗಿರುತ್ತದೆ ಎಂದು ಅತ್ತಿಗೆಗೆ ಗೊತ್ತಿತ್ತು. ಸುಟ್ಟಿರುತ್ತದೆ. ಇದು ಸುಟ್ಟಿರಲಿಲ್ಲ. ಇದನ್ನು ಯಾರೋ ತುಳಿದಿದ್ದರು. ಬೂಟಿನ ಅಡಿಯ ಗೀರುಗಳು ಮುಂಗೈ ಮೇಲೆ ಅಚ್ಚೊತ್ತಿದ್ದವು.

"ಯಾರು?"

ನಾದಿನಿ ಬಾಗಿಲ ಕಡೆ ನೋಡಿದಳು. ಅತ್ತಿಗೆ ಎದ್ದು ಅತ್ತೆಯನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದಳು. ಚಿಲಕ ಜಡಿದಳು.

"ಪಟ್ಟಿಯವನು," ಎಂದಳು ನಾದಿನಿ.

ಅತ್ತೆಯ ಕೆಮ್ಮು ಅಲ್ಲೇ ನಿಂತಿತು.

ಪಟ್ಟಿಯವನು ಎಂದರೆ ಗಸ್ತು ದಳದವನು. ಠಾಣೆಯವರೇ ಆರಿಸಿ, ತೋಳಿಗೆ ಹಳದಿ ಪಟ್ಟಿ ಕಟ್ಟಿ, ಕೈಗೆ ಲಾಠಿ ಕೊಟ್ಟು ಹಳಿಯಾಚೆಯ ಕೇರಿಯ ಮೇಲೆ ಬಿಟ್ಟ ಮನುಷ್ಯ. ಪೊಲೀಸನಲ್ಲ. ಆದರೆ ಪೊಲೀಸರಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತು. ಯಾವ ಮನೆಯಲ್ಲಿ ಗಂಡಸಿಲ್ಲ, ಯಾರು ಯಾವ ಪಾಳಿಗೆ ಹೋಗುತ್ತಾರೆ, ಯಾವ ಬಾಗಿಲ ಚಿಲಕ ಸಡಿಲ, ಎಲ್ಲ. ಈ ಮನೆಯ ಒಬ್ಬನೇ ಗಂಡಸು, ಅತ್ತೆಯ ಮಗ, ಅತ್ತಿಗೆಯ ಗಂಡ, ಜ್ವರದಲ್ಲಿ ಹೋಗಿ ಎಷ್ಟೋ ಕಾಲವಾಗಿತ್ತು. ಅದೂ ಅವನಿಗೆ ಗೊತ್ತಿತ್ತು.

ಕೇರಿಯಿಂದ ಲಾಂಡ್ರಿ ಇರುವ ಪೇಟೆಗೆ ಹೋಗಬೇಕಾದರೆ ರೈಲು ಹಳಿಯ ಕೆಳಗಿನ ಸುರಂಗ ದಾಟಬೇಕು. ಅಲ್ಲಿ ಹಗಲಲ್ಲೂ ಕತ್ತಲೆ. ಅವನು ಕೆಲ ದಿನಗಳಿಂದ ಅಲ್ಲಿ ನಿಂತು ನಾದಿನಿಗೆ ಮಾತು ಎಸೆಯುತ್ತಿದ್ದ. ಇವತ್ತು ಕುತ್ತಿಗೆಗೆ ಕೈ ಹಾಕಿ ಗೋಡೆಗೆ ಒತ್ತಿದ. ಬಟ್ಟೆಗೆ ಕೈ ಹಾಕಿದ. ಅವಳು ಅವನ ಮಣಿಕಟ್ಟು ಕಚ್ಚಿದಳು. ರಕ್ತದ ರುಚಿ ಬರುವವರೆಗೆ ಬಿಡಲಿಲ್ಲ. ಅವನು ಅವಳನ್ನು ನೆಲಕ್ಕೆ ಕೆಡವಿದ. ಯಾವ ಕೈಯಲ್ಲಿ ಕೆಲಸ ಮಾಡ್ತೀಯೇ ಎಂದು ಕೇಳಿದ. ಅವಳು ಹೇಳಲಿಲ್ಲ. ಅವನೇ ಆರಿಸಿ ತುಳಿದ. ಮೇಲೆ ರೈಲು ಹೋಗುತ್ತಿತ್ತು. ಅವಳ ಕೂಗು ಅವಳಿಗೇ ಕೇಳಿಸಲಿಲ್ಲ.

"ಹೋಗಿ ಹೇಳು ಅಂದ. ಯಾರಿಗೆ ಹೇಳ್ತೀಯೋ ಹೇಳು ಅಂದ."

"ಯಾರಿಗೂ ಹೇಳ್ಬೇಡ್ರೇ," ಎಂದಳು ಅತ್ತೆ. "ನಿಮ್ಮ ಕಾಲು ಹಿಡ್ಕೋತೀನಿ. ಬಾಯಿ ಮುಚ್ಕೊಂಡಿರ್ರೇ."

*

ಆಸ್ಪತ್ರೆಯಲ್ಲಿ ನರ್ಸ್ ತಲೆಯೆತ್ತದೆ ಕೇಳಿದಳು. "ಮೆಟ್ಟಿಲಿಂದ ಬಿದ್ದಿದ್ದಾ, ಬಾತ್‌ರೂಮಲ್ಲಾ?"

"ನಮ್ಮ ಕಡೆ ಮೆಟ್ಟಿಲೇ ಇಲ್ಲ ಸಿಸ್ಟರ್," ಎಂದಳು ಅತ್ತಿಗೆ. "ಬಾತ್‌ರೂಮೂ ಇಲ್ಲ."

ನರ್ಸ್ ಪೆನ್ನು ಕೆಳಗಿಟ್ಟಳು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. "ನೋಡಮ್ಮ, ಬೇರೆ ಏನಾದ್ರೂ ಬರೆದ್ರೆ ಠಾಣೆಗೆ ಫೋನ್ ಮಾಡ್ಬೇಕು. ಅವ್ರು ಬರೋವರೆಗೂ ಇವಳಿಗೆ ಕೈ ಹಚ್ಚೋ ಹಾಗಿಲ್ಲ. ಅವ್ರು ಬರಲ್ಲ. ಬಿದ್ದಿದ್ದು ಅಂತ ಬರೆದ್ರೆ ಈಗ್ಲೇ ಪ್ಲಾಸ್ಟರ್ ಹಾಕ್ತೀವಿ."

ನಾದಿನಿ ಹಲ್ಲು ಕಚ್ಚಿ ಕೂತಿದ್ದಳು. ಹಣೆಯಿಂದ ಬೆವರು ಇಳಿದು ಗಲ್ಲದಲ್ಲಿ ನಿಂತಿತ್ತು.

"ಬಿದ್ದೆ ಅಂತ ಬರ್ಕೊಳಿ," ಎಂದಳು.

ಪ್ಲಾಸ್ಟರ್ ಹಾಕಿ ಕಳಿಸಿದರು. ಆ ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಬಾಯಿ ಮುಚ್ಚಿಕೊಂಡು ಬದುಕುವುದು ಆ ಮನೆಗೆ ಹೊಸದಲ್ಲ. ಆದರೆ ಮರುದಿನ ಬೆಳಿಗ್ಗೆ ಅತ್ತಿಗೆ ಬಾಗಿಲು ತೆಗೆದಾಗ ಹೊಸ್ತಿಲ ಮೇಲೆ ನಾದಿನಿಯ ಇನ್ನೊಂದು ಚಪ್ಪಲಿ ಇತ್ತು. ಯಾರೋ ಅದನ್ನು ತೊಳೆದು, ಒರೆಸಿ, ಮೂತಿ ಮನೆಯ ಕಡೆಗೆ ಮಾಡಿ ಇಟ್ಟು ಹೋಗಿದ್ದರು.

ಅತ್ತಿಗೆ ಗಲ್ಲಿಯ ಎರಡೂ ಕಡೆ ನೋಡಿದಳು. ಅವನು ಇಲ್ಲಿಗೆ ಬಂದಿದ್ದ. ಅವರು ಮಲಗಿದ್ದಾಗ ಈ ತಗಡಿನ ಆಚೆ ನಿಂತಿದ್ದ. ಚಿಲಕ ಎಷ್ಟು ಸಡಿಲ ಎಂದು ನೋಡಿಯೂ ಇರಬಹುದು.

ಅವಳನ್ನು ಠಾಣೆಗೆ ಕರೆದೊಯ್ದದ್ದು ಧೈರ್ಯವಲ್ಲ. ಹೆದರಿಕೆ. ಮನೆಯಲ್ಲಿ ಕೂತರೆ ಅವನು ಮತ್ತೆ ಬರುತ್ತಾನೆ ಎಂಬ ಹೆದರಿಕೆ.

*

ಠಾಣೆಗೆ ಬಣ್ಣ ಬಳಿಯುತ್ತಿದ್ದರು. ದೊಡ್ಡ ಅಧಿಕಾರಿ ಬರುವವರಿದ್ದರು. ಗೇಟಿನ ಪಕ್ಕ ಆಳೆತ್ತರದ ಬೋರ್ಡು. ಅದರಲ್ಲಿ ಒಂದು ಕೆಂಪು ಗೆರೆ ಎಡಗಡೆ ಮೇಲಿಂದ ಹೊರಟು ಬಲಗಡೆ ಕೆಳಕ್ಕೆ ಇಳಿದಿತ್ತು. ದೇಶದಲ್ಲಿ ಅಪರಾಧ ವರ್ಷ ವರ್ಷ ಕಮ್ಮಿಯಾಗುತ್ತಿದೆ ಎಂದು ಕೆಳಗೆ ಬರೆದಿತ್ತು. ಅತ್ತೆ ಅದನ್ನು ಮೊದಲ ಸಲ ನೋಡಿದಾಗ, "ಜಾರುಬಂಡೆ ಬರ್ದಿದಾರಲ್ಲೇ, ಮಕ್ಕಳಿಗೆ ಪಾರ್ಕ್ ಮಾಡ್ತಾರಾ?" ಎಂದು ಕೇಳಿದ್ದಳು. ಆಗ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಬರೆಯುವ ಪೇದೆ ಅವರನ್ನು ಬೆಂಚಿನ ಮೇಲೆ ಕೂರಿಸಿದ. ಹಸಿ ಬಣ್ಣದ ವಾಸನೆಗೆ ನಾದಿನಿಗೆ ಓಕರಿಕೆ ಬಂತು. ಗೋಡೆಗೆ ತಾಗಬೇಡಿ ಎಂದು ಬಣ್ಣದವನು ಗದರಿದ. ಬೆನ್ನು ನೆಟ್ಟಗೆ ಮಾಡಿ ಕೂತರು. ಬಿಸಿಲು ಬಾಗಿಲಿಂದ ಬೆಂಚಿಗೆ, ಬೆಂಚಿಂದ ಕಾಲಿಗೆ ಬಂತು. ಯಾರೂ ಕರೆಯಲಿಲ್ಲ. ಕೊನೆಗೆ ಇನ್‌ಸ್ಪೆಕ್ಟರ್ ಒಳಗೆ ಕರೆದ. ಬೈಯುತ್ತಾನೆ ಎಂದುಕೊಂಡಿದ್ದಳು ಅತ್ತಿಗೆ. ಅವನು ಬೈಯಲಿಲ್ಲ. ಕುರ್ಚಿ ತೋರಿಸಿದ. ಅದೇ ಅವಳನ್ನು ಇನ್ನೂ ಹೆದರಿಸಿತು.

"ಹೇಳಮ್ಮ."

ಅತ್ತಿಗೆ ಹೇಳಿದಳು. ಸುರಂಗ, ಕುತ್ತಿಗೆ, ಬೂಟು, ಚಪ್ಪಲಿ. ಅವನು ನಡುವೆ ಬಾಯಿ ಹಾಕಲಿಲ್ಲ. ಬರೆದುಕೊಳ್ಳಲೂ ಇಲ್ಲ.

"ನೋಡಮ್ಮ," ಎಂದ. "ನಾನು ಕೆಲಸಕ್ಕೆ ಸೇರ್ದಾಗ ಇದ್ದ ಅಪರಾಧದಲ್ಲಿ ಈಗ ಅರ್ಧಾನೂ ಇಲ್ಲ. ಇಡೀ ದೇಶದಲ್ಲಿ. ಕಳ್ಳತನ ಇಳಿದಿದೆ. ಹೊಡೆದಾಟ ಇಳಿದಿದೆ. ಹೆಂಗಸ್ರ ಮೇಲಿಂದು ಎಲ್ಲಕ್ಕಿಂತ ಜಾಸ್ತಿ ಇಳಿದಿದೆ. ಅದ್ರಲ್ಲೂ ನಮ್ಮ ಠಾಣೆ ಮೊದಲ್ನೇದು. ಬೇರೆ ಕಡೆಯವ್ರು ಬಂದು ನೋಡಿ ಕಲ್ತ್ಕೊಂಡು ಹೋಗ್ತಿದಾರೆ."

"ಇಳಿದಿದ್ರೆ ಒಳ್ಳೇದೇ ಸಾರ್. ಇವಳ ಕೈ ಮುರಿದಿದೆ."

"ಆಸ್ಪತ್ರೆ ಚೀಟೀಲಿ ಬಿದ್ದಿದ್ದು ಅಂತಿದೆಯಲ್ಲ."

"ಹಾಗೆ ಬರೆಸ್ಕೊಂಡ್ರು ಸಾರ್."

"ಅವ್ರು ಬರೆಸ್ಕೊಂಡ್ರು, ಇವಳು ಬರೆಸಿದ್ಲು. ಈಗ ನಾನು ಬರೀಬೇಕು. ನಾಳೆ ನೀವು ಇನ್ನೇನೋ ಹೇಳ್ತೀರಿ." ಅವನು ನಕ್ಕ. "ಈ ತಿಂಗಳು ಬಿಡಿ. ದೊಡ್ಡ ಸಾಹೇಬ್ರು ಬರೋ ಸಮಾರಂಭ ಮುಗೀಲಿ. ಆಮೇಲೆ ಕೂತು ಮಾತಾಡೋಣ."

ಅಷ್ಟರಲ್ಲಿ ಪರದೆ ಸರಿಯಿತು. ಟೀ ತಟ್ಟೆ ಹಿಡಿದು ಒಬ್ಬ ಒಳಗೆ ಬಂದ. ತೋಳಿಗೆ ಹಳದಿ ಪಟ್ಟಿ. ಮಣಿಕಟ್ಟಿಗೆ ಬಿಳಿ ಬಟ್ಟೆ ಸುತ್ತಿತ್ತು.

ನಾದಿನಿ ಉಸಿರೆಳೆದುಕೊಂಡ ಸದ್ದು ಅತ್ತಿಗೆಗೆ ಕೇಳಿಸಿತು. ಬಿಟ್ಟ ಸದ್ದು ಕೇಳಿಸಲಿಲ್ಲ.

ಅವನು ಸಾಹೇಬರಿಗೆ ಒಂದು ಲೋಟ ಇಟ್ಟ. ಆಮೇಲೆ ಅತ್ತಿಗೆಯ ಮುಂದೆ ಬಗ್ಗಿದ. "ತಗೊಳ್ಳಿ ಅಕ್ಕಾ."

ಅವಳು ತೆಗೆದುಕೊಂಡಳು. ಏಕೆ ತೆಗೆದುಕೊಂಡಳೋ ಅವಳಿಗೇ ಗೊತ್ತಿಲ್ಲ. ಕೈ ತಾನಾಗಿ ಮುಂದೆ ಹೋಯಿತು. ಟೀ ತುಳುಕಿ ಬೆರಳ ಮೇಲೆ ಚೆಲ್ಲಿತು. ಸುಟ್ಟಿತು. ಅವಳು ಲೋಟ ಬಿಡಲಿಲ್ಲ.

"ನಮ್ಮ ಏರಿಯಾದವ್ರೇ ಸಾರ್," ಎಂದ ಅವನು. "ಒಳ್ಳೇ ಜನ. ಅಮ್ಮನ ಕೆಮ್ಮು ಹೇಗಿದೆ ಅಕ್ಕಾ? ರಾತ್ರಿ ಇಡೀ ಕೆಮ್ತಿರ್ತಾರೆ ಪಾಪ."

ಇನ್‌ಸ್ಪೆಕ್ಟರ್ ಟೀ ಕುಡಿಯುತ್ತ ಕಿಟಕಿಯಾಚೆ ನೋಡುತ್ತಿದ್ದ.

ಅತ್ತಿಗೆ ಎದ್ದಳು. ನಾದಿನಿಯ ಒಳ್ಳೆಯ ಕೈ ಹಿಡಿದಳು. ಇಬ್ಬರೂ ಹೊರಗೆ ಬಂದರು. ರಸ್ತೆಗೆ ಬಂದ ಮೇಲೆ ನೋಡಿದರೆ ಠಾಣೆಯ ಲೋಟ ಅವಳ ಕೈಯಲ್ಲೇ ಇತ್ತು. ಹಿಂದಕ್ಕೆ ಹೋಗಿ ಕೊಡುವ ಧೈರ್ಯವಾಗಲಿಲ್ಲ. ಚರಂಡಿಗೆ ಎಸೆದಳು.

*

ಆಮೇಲೆ ಅವನು ಏನೂ ಮಾಡಲಿಲ್ಲ. ಅದೇ ದೊಡ್ಡ ಹಿಂಸೆ. ಗಲ್ಲಿಯ ಬಾಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ನಲ್ಲಿಯ ಹತ್ತಿರ ನಿಂತಿರುತ್ತಿದ್ದ. ಅತ್ತಿಗೆ ಕೊಡ ಹೊತ್ತು ಹೋದರೆ ದಾರಿ ಬಿಟ್ಟು ನಿಲ್ಲುತ್ತಿದ್ದ, ಮರ್ಯಾದೆಸ್ಥನ ಹಾಗೆ. ಲಾಠಿಯಿಂದ ತಗಡುಗಳನ್ನು ಸಾಲಾಗಿ ಬಡಿಯುತ್ತ ಹೋಗುತ್ತಿದ್ದ. ಇವರ ತಗಡು ಬಂದಾಗ ಬಡಿಯದೆ ನಿಲ್ಲುತ್ತಿದ್ದ. ಒಳಗೆ ಮೂವರು ಹೆಂಗಸರು ಆ ಸದ್ದಿಗಾಗಿ ಕಾಯುತ್ತ ಕೂತಿರುತ್ತಿದ್ದರು. ಸದ್ದು ಬಾರದೆ, ಅವನ ಉಸಿರು ಬಂದು ಹೋದ ಹಾಗಾಗುತ್ತಿತ್ತು.

ಅತ್ತೆ ಕೆಮ್ಮು ಬಂದರೆ ಬಾಯಿಗೆ ಬಟ್ಟೆ ತುರುಕಿಕೊಳ್ಳತೊಡಗಿದಳು. ಅವನಿಗೆ ಕೇಳಬಾರದೆಂದು. ಮುದುಕಿಯ ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಎದೆ ಒಳಗೊಳಗೇ ಒಡೆಯುತ್ತಿತ್ತು.

"ಕೆಮ್ಮಿ ಅತ್ತೆ," ಎನ್ನುತ್ತಿದ್ದಳು ಅತ್ತಿಗೆ. "ಕೆಮ್ಮಿದ್ರೆ ಏನಾಗುತ್ತೆ?"

"ಏನೂ ಆಗಲ್ಲ," ಎನ್ನುತ್ತಿದ್ದಳು ಅತ್ತೆ. ಮತ್ತೆ ಬಟ್ಟೆ ತುರುಕಿಕೊಳ್ಳುತ್ತಿದ್ದಳು.

ಲಾಂಡ್ರಿಯ ಮೇಸ್ತ್ರಿ ನಾದಿನಿಯನ್ನು ತೆಗೆದ. ಒಂದು ಕೈಯಲ್ಲಿ ಚಾದರ ಹಿಡಿಯೋಕಾಗುತ್ತಾ ಎಂದು ಕೇಳಿದ. ಅವಳ ಕೆಲಸವೂ ಅತ್ತಿಗೆಯ ಮೇಲೆ ಬಿತ್ತು. ಹಬೆಯಲ್ಲಿ ನಿಂತು ನಿಂತು ಅವಳ ಕಣ್ಣರೆಪ್ಪೆ ಊದಿಕೊಂಡವು. ರೋಲರಿನ ಬಿಸಿಗೆ ಮೊಣಕೈವರೆಗೆ ಚರ್ಮ ಸುಲಿಯಿತು. ಚಾದರದ ಮೇಲೆ ಯಾರದೋ ರಕ್ತದ ಕಲೆ ಕಂಡರೆ ಮೊದಲು ಏನೂ ಅನಿಸುತ್ತಿರಲಿಲ್ಲ. ಈಗ ಕೈ ನಿಲ್ಲುತ್ತಿತ್ತು. ಇದು ಯಾರ ರಕ್ತ? ಇವಳೂ ಮೆಟ್ಟಿಲಿಂದ ಬಿದ್ದಳೇ?

ಲಾಂಡ್ರಿಯಲ್ಲಿ ಮಾತಾಡುವ ಹಾಗಿಲ್ಲ. ಆದರೆ ದೊಡ್ಡ ಚಾದರ ಮಡಚಲು ಇಬ್ಬರು ಬೇಕು. ಆ ತುದಿ ಒಬ್ಬಳು, ಈ ತುದಿ ಒಬ್ಬಳು. ಎಳೆದು, ಒದರಿ, ಒಬ್ಬರಿಗೊಬ್ಬರು ಎದುರಾಗಿ ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ಮುಖಕ್ಕೆ ಮುಖ ಹತ್ತಿರವಾಗುವ ಆ ಒಂದು ಗಳಿಗೆಯಲ್ಲಿ ಒಂದು ಮಾತು ಆಡಬಹುದು. ಆಮೇಲೆ ಮತ್ತೆ ಹಿಂದಕ್ಕೆ.

ಆವತ್ತು ಅತ್ತಿಗೆಯ ಎದುರು ತುದಿಯಲ್ಲಿ ಸೋಪಿನಕ್ಕ ಇದ್ದಳು. ಸೋಪು ಅಳೆದು ಹಾಕುವ ಹಿರಿಯಳು. ಆ ನೀರಲ್ಲಿ ಅವಳ ಉಗುರುಗಳು ಉದುರಿ ಹೋಗಿದ್ದವು.

"ನಿನ್ನ ನಾದಿನಿಗೆ ಏನಾಯ್ತು?"

ಹಿಂದಕ್ಕೆ. ಚಾದರ ಒದರಿದರು. ಮುಂದಕ್ಕೆ.

"ಪಟ್ಟಿಯವನು ತುಳಿದ. ಠಾಣೇಲಿ ಬರ್ಕೊಳ್ಳಲಿಲ್ಲ."

ಹಿಂದಕ್ಕೆ. ಮುಂದಕ್ಕೆ.

"ನನ್ನ ಕಿವಿ ನೋಡು." ಸೋಪಿನಕ್ಕ ತಲೆ ಓರೆ ಮಾಡಿದಳು. ಕಿವಿಯ ಹಾಲೆ ಎರಡು ಸೀಳಾಗಿತ್ತು. "ಓಲೆ ಸಮೇತ ಕಿತ್ಕೊಂಡ. ಕಳೆದುಹೋಗಿದೆ ಅಂತ ಬರ್ಕೊಂಡ್ರು."

ಮುಂದಿನ ಚಾದರಕ್ಕೆ ಬೇರೆಯವಳು ಬಂದಳು. ಬಾಯಿ ತೆರೆಯದವಳೆಂದು ಎಲ್ಲರೂ ಮೂಗಿ ಎಂದು ಕರೆಯುವ ಹೆಂಗಸು. ಮುಖಕ್ಕೆ ಮುಖ ಬಂದಾಗ ಅವಳು ಒಂದೇ ಮಾತು ಹೇಳಿದಳು. "ನಂಗೂ."

ಹಾಗೇ ಆ ಪಾಳಿ ಮುಗಿಯಿತು. ಒಬ್ಬಳ ಮನೆಗೆ ನುಗ್ಗಿದ್ದರು. ಒಬ್ಬಳ ಮಗಳು ಸುರಂಗದ ಭಯಕ್ಕೆ ಶಾಲೆ ಬಿಟ್ಟಿದ್ದಳು. ಒಬ್ಬಳ ತಮ್ಮನ ತಲೆ ಒಡೆದಿದ್ದರು. ಎಲ್ಲರೂ ಠಾಣೆಗೆ ಹೋಗಿದ್ದರು. ಎಲ್ಲರೂ ಬೆಂಚಿನ ಮೇಲೆ ಕೂತಿದ್ದರು. ಎಲ್ಲರೂ ಹಾಗೇ ವಾಪಸ್ ಬಂದಿದ್ದರು. ಇಷ್ಟು ವರ್ಷ ಒಂದೇ ಸೂರಿನಡಿ ದುಡಿದಿದ್ದರೂ ಒಬ್ಬಳಿಗೊಬ್ಬಳು ಹೇಳಿರಲಿಲ್ಲ. ನನಗೊಬ್ಬಳಿಗೇ ಹೀಗಾಯಿತು ಎಂದು ಪ್ರತಿಯೊಬ್ಬಳೂ ನಾಚಿಕೊಂಡು ಕೂತಿದ್ದಳು.

ಪಾಳಿ ಬಿಟ್ಟಾಗ ಸೋಪಿನಕ್ಕ ಜೊತೆಗೆ ನಡೆದಳು.

"ಹಿಂದೆ ಹೀಗಿರ್ಲಿಲ್ಲ," ಎಂದಳು. "ನಾನು ಹುಡುಗಿಯಾಗಿದ್ದಾಗ ಠಾಣೇಲಿ ಬರ್ಕೊಳ್ಳೋದೇ ಬರ್ಕೊಳ್ಳೋದು. ಆಗಿನ ಸರ್ಕಾರಕ್ಕೆ ಕಳ್ಳರು ಜಾಸ್ತಿ ಇದಾರೆ ಅಂತ ತೋರಿಸ್ಬೇಕಿತ್ತು. ನಮ್ಮ ಕೇರಿ ಗಂಡಸ್ರನ್ನೆಲ್ಲ ಎತ್ಹಾಕ್ಕೊಂಡು ಹೋದ್ರು. ಯಾರದೋ ಸೈಕಲ್ ಕಳೆದ್ರೆ ನಮ್ಮಣ್ಣ. ಯಾರದೋ ಮನೆ ಬೀಗ ಮುರಿದ್ರೆ ನಮ್ಮಣ್ಣ. ಅವನಿಗೆ ಸೈಕಲ್ ಹೊಡೆಯೋಕೇ ಬರ್ತಿರ್ಲಿಲ್ಲ ಕಣೇ. ಈಗಿನವ್ರಿಗೆ ಲೆಕ್ಕ ಇಳಿಸ್ಬೇಕು, ಅದಕ್ಕೆ ನಮ್ಮದು ಬರೆಯಲ್ಲ. ನಾವು ಮಾಡ್ದೆ ಇದ್ದಿದ್ದು ಲೆಕ್ಕಕ್ಕೆ ಬಂತು. ನಮಗೆ ಆಗಿದ್ದು ಲೆಕ್ಕಕ್ಕೆ ಬರ್ಲಿಲ್ಲ."

"ನಿಮ್ಮಣ್ಣ ಈಗ?"

"ಒಳಗೇ ಸತ್ತುಹೋದ." ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅದನ್ನೂ ಬರೀಲಿಲ್ಲ."

*

ಸಮಾರಂಭಕ್ಕೆ ಮುಂಚೆ ಪಟ್ಟಿಯವನು ಬಾಗಿಲಿಗೆ ಬಂದ. ಬಾಗಿಲು ತೆರೆದೇ ಇತ್ತು. ಆದರೂ ಬೆರಳಲ್ಲಿ ತಟ್ಟಿದ.

"ಸಾಹೇಬ್ರು ನಿಮ್ಮನ್ನೇ ಹೆಸರು ಹಿಡಿದು ಕೇಳಿದಾರೆ ಅಕ್ಕಾ. ಕೇರಿ ಪರವಾಗಿ ವೇದಿಕೆ ಮೇಲೆ ಒಂದೇ ಮಾತು. 'ನಮ್ಮ ಕೇರೀಲಿ ಈಗ ಭಯ ಇಲ್ಲ' ಅಂತ. ಅಷ್ಟೇ. ಆಮೇಲೆ ದೊಡ್ಡವ್ರಿಗೆ ಹೂಗುಚ್ಛ ಕೊಡಿ. ನಾನೇ ಕೈಗೆ ಕೊಡ್ತೀನಿ."

ಅತ್ತಿಗೆ ನೆಲ ನೋಡುತ್ತಿದ್ದಳು.

"ಬರ್ದೇ ಇರ್ಬೇಡಿ. ನಿಮ್ಮ ಪಾಳಿ ಹೊತ್ತಲ್ಲಿ ಅಮ್ಮ, ತಂಗಿ ಇಬ್ರೇ ಇರ್ತಾರೆ ಮನೇಲಿ. ನಾನು ನೋಡ್ಕೋತಾನೇ ಇರ್ತೀನಿ. ಆದ್ರೂ ಹೇಳ್ದೆ."

ಅವನು ಹೋದ ಮೇಲೆ ಅತ್ತೆ ಅವಳ ಕೈ ಹಿಡಿದುಕೊಂಡಳು. "ಹೇಳಿಬಿಡೇ. ಬಾಯಿ ಮಾತಲ್ವಾ? ಅಂದು ಬಂದ್ಬಿಡು. ಎಲ್ಲಿ, ಒಂದ್ಸಲ ನನ್ನ ಮುಂದೆ ಹೇಳು."

ಅತ್ತಿಗೆ ನಾದಿನಿಯ ಕಡೆ ನೋಡಿದಳು. ನಾದಿನಿ ಎಡಗೈಯಲ್ಲಿ ಪಾತ್ರೆ ಉಜ್ಜುವುದನ್ನು ಕಲಿಯುತ್ತಿದ್ದಳು. ಪಾತ್ರೆ ಜಾರಿ ಜಾರಿ ಹೋಗುತ್ತಿತ್ತು.

"ಹೇಳಿಬಿಡಿ ಅತ್ತಿಗೆ," ಎಂದಳು ತಲೆಯೆತ್ತದೆ. "ನಾನು ಏನೂ ಅನ್ಕೊಳಲ್ಲ."

ಅತ್ತಿಗೆ ಹೇಳಿದಳು. ನಮ್ಮ ಕೇರೀಲಿ ಈಗ ಭಯ ಇಲ್ಲ. ಅತ್ತೆ ಇನ್ನೊಮ್ಮೆ ಎಂದಳು. ಇನ್ನೊಮ್ಮೆ ಹೇಳಿದಳು. ನೀರು ತುಂಬುವಾಗ ಹೇಳಿಕೊಂಡಳು. ರೋಲರಿನ ಮುಂದೆ ಹೇಳಿಕೊಂಡಳು. ಹೇಳುತ್ತ ಹೇಳುತ್ತ ಮಾತು ಸವೆದು ಸಲೀಸಾಯಿತು. ಹೇಳಿ ಬಂದುಬಿಡುತ್ತೇನೆ ಎಂದು ಅವಳು ನಿಜವಾಗಿಯೂ ನಿರ್ಧಾರ ಮಾಡಿದ್ದಳು.

*

ಶಾಲೆಯ ಸಭಾಂಗಣ ತುಂಬಿತ್ತು. ಮುಂದಿನ ಸಾಲು ಕೇರಿಯವರಿಗೆ. ಎಂದೂ ಸಿಗದ ಮುಂದಿನ ಸಾಲು. ಕ್ಯಾಮೆರಾದವರು ಇವರ ಮುಖಗಳನ್ನು ತೆಗೆಯುತ್ತಿದ್ದರು. ಲಾಂಡ್ರಿಯ ಹೆಂಗಸರಿಗೆ ಒಂದು ಹೊತ್ತಿನ ರಜೆ ಕೊಡಿಸಿ ಕರೆತಂದಿದ್ದರು. ನಾದಿನಿ ಪ್ಲಾಸ್ಟರಿನ ಕೈಯನ್ನು ಶಾಲಿನೊಳಗೆ ಮುಚ್ಚಿಕೊಂಡಿದ್ದಳು. ಹಾಗೆ ಮುಚ್ಚಿಕೊಂಡು ಬಾ ಎಂದು ಹೇಳಿ ಕಳಿಸಿದ್ದರು.

ದೊಡ್ಡ ಅಧಿಕಾರಿ ಸೌಮ್ಯ ಮನುಷ್ಯ. ಪರದೆಯ ಮೇಲೆ ದೇಶದ ಗೆರೆ ತೋರಿಸಿದ. ತಾನು ಚಿಕ್ಕವನಿದ್ದಾಗ ಗೆರೆ ಇಷ್ಟೆತ್ತರ ಇತ್ತು, ಜನ ಕತ್ತಲಾದರೆ ಹೊರಗೆ ಬರುತ್ತಿರಲಿಲ್ಲ ಎಂದ. ಈಗ ನೋಡಿ ಎಂದ. ಗೆರೆ ನೆಲಕ್ಕೆ ತಾಗುವಂತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಸುಳ್ಳು ಹೇಳುತ್ತಿರುವ ಹಾಗೆ ಕಾಣಲಿಲ್ಲ. ಆ ಗೆರೆಯನ್ನು ಅವನು ಮನಸಾರೆ ನಂಬಿದ್ದ. ಗಸ್ತು ದಳದವರನ್ನು ಹೊಗಳಿದ. ಅವರಿಗೆ ಪದಕ ತೊಡಿಸಿದ. ಪಟ್ಟಿಯವನು ಎದೆ ಉಬ್ಬಿಸಿ ನಿಂತ.

ಆಮೇಲೆ ಅತ್ತಿಗೆಯನ್ನು ಕರೆದರು.

ಅವಳು ಮೆಟ್ಟಿಲು ಹತ್ತಿದಳು. ಮೈಕಿನ ಮುಂದೆ ನಿಂತಳು. ಬೆಳಕು ಕಣ್ಣಿಗೆ ಹೊಡೆಯಿತು. ಪಟ್ಟಿಯವನು ಹೂಗುಚ್ಛ ಹಿಡಿದು ಅವಳ ಹಿಂದೆಯೇ ನಿಂತ. ಅವನ ಉಸಿರು ಅವಳ ಕುತ್ತಿಗೆಗೆ ತಾಗುತ್ತಿತ್ತು. ಹೊಗೆಸೊಪ್ಪಿನ ವಾಸನೆ. ಇದೇ ವಾಸನೆ ಸುರಂಗದಲ್ಲಿ ನಾದಿನಿಯ ಮೂಗಿಗೆ ಬಡಿದಿರಬೇಕು.

"ನಮ್ಮ ಕೇರೀಲಿ," ಎಂದಳು.

ಮುಂದಿನ ಮಾತು ಬರಲಿಲ್ಲ.

"ನಮ್ಮ ಕೇರೀಲಿ ಈಗ..."

ಮೈಕಿನ ಕಂಬ ಹಿಡಿದುಕೊಂಡಳು. ತಡೆಯಲು ನೋಡಿದಳು. ತಡೆಯಲಾಗಲಿಲ್ಲ. ತೊಡೆಯ ಒಳಗೆ ಬೆಚ್ಚಗೆ ಇಳಿಯಿತು. ಕಾಲಿಗುಂಟ ಇಳಿದು ವೇದಿಕೆಯ ಹಲಗೆಯ ಮೇಲೆ ಹರಡಿತು. ಅಷ್ಟು ಜನರ ಮುಂದೆ, ಆ ಬೆಳಕಿನಲ್ಲಿ, ಅವಳು ಉಚ್ಚೆ ಹೊಯ್ದುಕೊಂಡಿದ್ದಳು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಸಾಲಿಂದ ಸಾಲಿಗೆ ಬಂತು. ಪಟ್ಟಿಯವನು ಕಿವಿಯ ಹತ್ತಿರ ಪಿಸುಗುಟ್ಟಿದ. "ಹೇಳೇ. ಭಯ ಇಲ್ಲ ಅಂತ ಹೇಳು."

ಅವಳು ಕೆಳಗೆ ನೋಡಿದಳು. ತನ್ನ ಒದ್ದೆ ಕಾಲು ನೋಡಿದಳು. ಇದನ್ನು ಮುಚ್ಚಿಡಲು ಇನ್ನು ಏನು ಉಳಿದಿದೆ?

"ಭಯ ಆಗುತ್ತೆ," ಎಂದಳು.

ಮೈಕಿನಲ್ಲಿ ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿತು.

"ನಂಗೆ ಭಯ ಆಗುತ್ತೆ. ಈಗ್ಲೂ ಆಗ್ತಿದೆ. ನೋಡಿ, ಎಲ್ರೂ ನೋಡಿ, ಬಟ್ಟೇಲೇ ಆಗೋಗಿದೆ. ಇವನು ನನ್ನ ನಾದಿನಿ ಕೈ ತುಳಿದ. ಸುರಂಗದಲ್ಲಿ ಕುತ್ತಿಗೆ ಹಿಡಿದ. ಇವನೇ. ನನ್ನ ಹಿಂದೆ ನಿಂತಿದಾನಲ್ಲ, ಇವನೇ. ಇವನಿಗೆ ಪದಕ ಹಾಕಿದೀರಿ. ನಮ್ಮತ್ತೆ ಇವನಿಗೆ ಹೆದರಿ ಕೆಮ್ಮಲ್ಲ. ಠಾಣೆಗೆ ಹೋದೆ. ಇವನ ಕೈಲೇ ಟೀ ಕುಡಿಸಿದ್ರು. ನಿಮ್ಮ ಗೆರೆ..."

ಮೈಕು ಸತ್ತಿತು. ಅವಳು ಮಾತಾಡುತ್ತಲೇ ಇದ್ದಳು. ಮುಂದಿನ ಸಾಲಿಗೆ ಮಾತ್ರ ಕೇಳುತ್ತಿತ್ತು. ಮುಂದಿನ ಸಾಲು ಕೇರಿಯವರದೇ ಆಗಿತ್ತು.

ನಾದಿನಿ ಎದ್ದು ನಿಂತಳು. ಶಾಲು ಜಾರಿಸಿದಳು. ಪ್ಲಾಸ್ಟರಿನ ಕೈಯನ್ನು ತಲೆಯ ಮೇಲೆತ್ತಿದಳು. ಕ್ಯಾಮೆರಾಗಳು ಅತ್ತ ತಿರುಗಿದವು, ಮತ್ತೆ ಯಾರೋ ಗದರಿದ ಮೇಲೆ ಇತ್ತ ತಿರುಗಿದವು.

"ಪಾಪ, ಅವರಿಗೆ ಹುಷಾರಿಲ್ಲ ಅನ್ಸುತ್ತೆ," ಎಂದ ದೊಡ್ಡ ಅಧಿಕಾರಿ. ನಿಜವಾದ ಮರುಕದಿಂದಲೇ ಹೇಳಿದ. ಇಬ್ಬರು ಪೇದೆಗಳು ಬಂದು ಅವಳ ತೋಳು ಹಿಡಿದರು.

*

ಠಾಣೆಯ ಬಣ್ಣ ಒಣಗಿತ್ತು. ಒದ್ದೆ ಬಟ್ಟೆಯಲ್ಲೇ ಅವಳನ್ನು ಬೆಂಚಿನ ಮೇಲೆ ಕೂರಿಸಿದರು. ವಾಸನೆ ಹೊಡೀತಿದೆ ಎಂದು ಒಬ್ಬ ಪೇದೆ ಮೂಗು ಮುಚ್ಚಿಕೊಂಡು ಹೋದ. ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. ಅತ್ತೆ ಮನೆಯಲ್ಲಿ ಒಬ್ಬಳೇ ಇದ್ದಳು. ಪಟ್ಟಿಯವನು ಎಲ್ಲಿದ್ದಾನೋ ಗೊತ್ತಿರಲಿಲ್ಲ. ಹೇಳಬಾರದಿತ್ತು ಎನಿಸಿತು. ಹೇಳಿಬಿಟ್ಟಿದ್ದೇ ಸರಿ ಎನಿಸಿತು. ಮತ್ತೆ ಹೇಳಬಾರದಿತ್ತು ಎನಿಸಿತು.

"ಕೇಸ್ ಬರಿ ಇವಳ ಮೇಲೆ," ಎಂದ ಇನ್‌ಸ್ಪೆಕ್ಟರ್. ಅವನ ಮುಖದಲ್ಲಿ ಆವತ್ತಿನ ನಗು ಇರಲಿಲ್ಲ. "ಸಭೆಗೆ ಅಡ್ಡಿ. ಸುಳ್ಳು ಆರೋಪ."

ಬರೆಯುವ ಪೇದೆ ಹಾಳೆ ತೆಗೆದ. ಸ್ವಲ್ಪ ಬರೆದ. ತಲೆ ಕೆರೆದುಕೊಂಡ.

"ಸಾರ್, ಸುಳ್ಳು ಆರೋಪ ಅಂದ್ರೆ... ಏನು ಆರೋಪ ಅಂತ ಬರೀಬೇಕಲ್ಲ ಸಾರ್."

"ಹೇಳಿದ್ದನ್ನ ಬರಿ."

"ಸುರಂಗದ್ದೂ ಬರೀಲಾ? ಕೈ ತುಳಿದಿದ್ದು?"

ಇನ್‌ಸ್ಪೆಕ್ಟರ್ ಅವನನ್ನೇ ನೋಡಿದ. ಒಳಗೆ ಫೋನ್ ಬಡಿದುಕೊಳ್ಳುತ್ತಿತ್ತು. ಆ ಫೋನ್ ಯಾರದೆಂದು ಅವನಿಗೆ ಗೊತ್ತಿದ್ದ ಹಾಗಿತ್ತು. "ಬರಿ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಪೇದೆ ಬರೆದ. ಆರೋಪಿ ಎಂಬಲ್ಲಿ ಅತ್ತಿಗೆಯ ಹೆಸರು ಬರೆದ. ಅವಳು ಎಲ್ಲವನ್ನೂ ಮತ್ತೊಮ್ಮೆ ಹೇಳಿದಳು. ನಡುಗುತ್ತಲೇ ಹೇಳಿದಳು. ಅವನು ನಿಧಾನಕ್ಕೆ, ಒಂದೊಂದೇ ಮಾತು ಕೇಳಿ ಕೇಳಿ ಬರೆದುಕೊಂಡ.

ಅಷ್ಟರಲ್ಲಿ ಗೇಟಿನ ಹತ್ತಿರ ಹೆಜ್ಜೆಗಳು ಕೇಳಿಸಿದವು. ಅತ್ತಿಗೆ ಬೆಚ್ಚಿ ಬೆಂಚಿನ ಅಂಚಿಗೆ ಸರಿದಳು. ಅವನೇ ಬಂದ ಎಂದುಕೊಂಡಳು.

ಅವನೂ ಬಂದಿದ್ದ. ಗೇಟಿಗೆ ಒರಗಿ ಲಾಠಿ ಹಿಡಿದು ನಿಂತಿದ್ದ. ಆದರೆ ಹೆಜ್ಜೆಗಳು ಅವನವಲ್ಲ. ಲಾಂಡ್ರಿಯ ಹೆಂಗಸರು ಬರುತ್ತಿದ್ದರು. ಘೋಷಣೆ ಇಲ್ಲ, ಕೂಗಾಟ ಇಲ್ಲ. ಅವರೂ ಹೆದರಿದ್ದರು. ಒಬ್ಬಳ ಬಟ್ಟೆಯ ಅಂಚನ್ನು ಇನ್ನೊಬ್ಬಳು ಹಿಡಿದುಕೊಂಡಿದ್ದಳು. ಅವನ ಪಕ್ಕ ಬಂದಾಗ ಮುಂದಿದ್ದವಳ ಕಾಲು ನಿಂತಿತು. ಎಲ್ಲರೂ ನಿಂತರು. ಅವನು ಲಾಠಿಯಿಂದ ತನ್ನ ಅಂಗೈ ತಟ್ಟಿಕೊಂಡ. ಮೂಗಿ ಕಣ್ಣು ಮುಚ್ಚಿಕೊಂಡಳು. ಕಣ್ಣು ಮುಚ್ಚಿಕೊಂಡೇ ಅವನನ್ನು ದಾಟಿದಳು. ಉಳಿದವರು ಅವಳ ಹಿಂದೆ ಬಂದರು. ನಡುವೆ ನಾದಿನಿ ಅತ್ತೆಯನ್ನು ನಡೆಸಿಕೊಂಡು ಬರುತ್ತಿದ್ದಳು. ಅತ್ತೆ ಠಾಣೆಯ ಅಂಗಳದ ನಡುವೆ ನಿಂತು, ಬಾಯಿಗೆ ಬಟ್ಟೆ ಇಲ್ಲದೆ, ಎದೆ ಬಿರಿಯುವ ಹಾಗೆ ಕೆಮ್ಮಿದಳು. ಕೆಮ್ಮು ಮುಗಿಯುವವರೆಗೆ ಎಲ್ಲರೂ ಕಾದರು.

"ಏನು ಗಲಾಟೆ ಇದು?" ಎಂದ ಬರೆಯುವ ಪೇದೆ.

"ಗಲಾಟೆ ಇಲ್ಲಪ್ಪ," ಎಂದಳು ಸೋಪಿನಕ್ಕ. ಅವಳ ದನಿ ಒಡೆಯುತ್ತಿತ್ತು. "ಇವಳು ಹೇಳಿದ್ದನ್ನೇ ನಾವೂ ಹೇಳ್ತೀವಿ. ಇವಳದ್ದು ತಪ್ಪಾದ್ರೆ ನಮ್ಮದೂ ತಪ್ಪೇ. ನಮ್ಮ ಮೇಲೂ ಕೇಸ್ ಬರ್ಕೊ."

"ತಲೆ ಕೆಟ್ಟಿದೆಯಾ? ನಿಮ್ಮ ಮೇಲೆ ಯಾಕಮ್ಮ ಕೇಸು?"

"ದೂರು ಕೊಟ್ರೆ ಬರ್ಕೊಳ್ಳಲ್ವಲ್ಲ. ಆರೋಪಿ ಅಂತಾನೇ ಬರ್ಕೊ. ಹೇಗಾದ್ರೂ ಬರ್ಕೊ."

ಪೇದೆ ಮುಚ್ಚಿದ ಬಾಗಿಲ ಕಡೆ ನೋಡಿದ. ಒಳಗೆ ಇನ್‌ಸ್ಪೆಕ್ಟರ್ ಫೋನಿನಲ್ಲಿ, ಹೌದು ಸಾರ್, ಕ್ಯಾಮೆರಾದಲ್ಲಿ ಬಂದಿದೆ ಸಾರ್ ಎನ್ನುತ್ತಿದ್ದ. ಬಾಗಿಲು ಅರ್ಧ ತೆರೆಯಿತು. ಇನ್‌ಸ್ಪೆಕ್ಟರ್ ಅಂಗಳದಲ್ಲಿದ್ದ ಹೆಂಗಸರನ್ನು ಒಮ್ಮೆ, ಗೇಟಿನಲ್ಲಿದ್ದವನನ್ನು ಒಮ್ಮೆ ನೋಡಿದ. "ಏಯ್, ಆ ಪಟ್ಟಿ ಬಿಚ್ಚಿಟ್ಟು ಒಳಗೆ ಬಾ ನೀನು," ಎಂದು ಕೂಗಿದ. ಬಾಗಿಲು ಮತ್ತೆ ಮುಚ್ಚಿತು.

ಅವನು ಪಟ್ಟಿ ಬಿಚ್ಚಿದ. ಬಿಚ್ಚುವಾಗಲೂ ಅತ್ತಿಗೆಯನ್ನೇ ನೋಡುತ್ತಿದ್ದ. ಪಟ್ಟಿ ಇಲ್ಲದ ತೋಳೂ ಅಷ್ಟೇ ದಪ್ಪವಿತ್ತು. ಅವಳ ಭಯ ಹೋಗಲಿಲ್ಲ. ನಾದಿನಿ ಬಂದು ಬೆಂಚಿನ ಮೇಲೆ ಅವಳಿಗೆ ಒತ್ತಿಕೊಂಡು ಕೂತಳು. ಒದ್ದೆಯೆಂದು ದೂರ ಸರಿಯಲಿಲ್ಲ. ಇಬ್ಬರ ನಡುಕವೂ ಒಂದೇ ಆಗಿ, ಯಾರದು ಯಾವುದೆಂದು ತಿಳಿಯದ ಹಾಗಾಯಿತು.

ಪೇದೆ ಹೊಸ ಹಾಳೆ ಎಳೆದುಕೊಂಡ. ಪೆನ್ನು ಒದರಿದ. ಆಮೇಲೆ ಸೋಪಿನಕ್ಕನ ಕಡೆ ನೋಡಿದ.

"ಹೇಳಿ, ಏನಾಯ್ತು?"

ಸೋಪಿನಕ್ಕ ಅವನ ಮುಂದಿನ ಕುರ್ಚಿಯಲ್ಲಿ ಕೂತಳು. ಉಗುರಿಲ್ಲದ ಬೆರಳುಗಳನ್ನು ಮೇಜಿನ ಮೇಲಿಟ್ಟಳು.

"ಯಾವ ವರ್ಷದಿಂದ ಶುರು ಮಾಡ್ಲಪ್ಪ?" ಎಂದು ಕೇಳಿದಳು.